ಲ್ಯಾಪ್‌ಟಾಪ್ ಬ್ಯಾಟರಿ ಊದಿದರೆ: ಒತ್ತಬೇಡಿ, ಚುಚ್ಚಬೇಡಿ, ಹೀಗೆ ಬದಲಿಸಿ

ಟಚ್‌ಪ್ಯಾಡ್ ಗಟ್ಟಿಯಾಗಿ ಕ್ಲಿಕ್ ಆಗುತ್ತಿಲ್ಲ, ಅದರ ಒಂದು ಮೂಲೆ ಸ್ವಲ್ಪ ಮೇಲೆದ್ದಿದೆ ಎಂದರೆ ಮೊದಲು ಅನುಮಾನಿಸಬೇಕಾದ್ದು ಅದರಡಿ ಇರುವ ಬ್ಯಾಟರಿಯನ್ನು. ಲ್ಯಾಪ್‌ಟಾಪನ್ನು ಗ್ರಾನೈಟ್ ಕಟ್ಟೆಯ ಮೇಲಿಟ್ಟು ನೋಡಿ. ನಾಲ್ಕೂ ರಬ್ಬರ್ ಕಾಲು ಊರದೆ ಅಲ್ಲಾಡಿದರೆ, ತಳದ ಕವರಿನ ಅಂಚಿನಲ್ಲಿ ಸಂದು ಬಿಟ್ಟಿದ್ದರೆ, ಪರದೆ ಪೂರ್ತಿ ಮುಚ್ಚದಿದ್ದರೆ ಬ್ಯಾಟರಿ ಊದಿದೆ ಎಂದೇ ಲೆಕ್ಕ. ಒತ್ತಿ ಕೂರಿಸುವ ಪ್ರಯತ್ನ ಬೇಡ.

ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಹೆಚ್ಚಾಗಿ ಪೌಚ್ ಸೆಲ್. ಚಿಪ್ಸ್ ಪೊಟ್ಟಣದ ಹಾಗೆ ಅಂಚು ಸೀಲ್ ಮಾಡಿದ ಅಲ್ಯೂಮಿನಿಯಂ ಪದರದ ಚೀಲ. ವಯಸ್ಸು, ಶಾಖ, ಸದಾ 100% ಚಾರ್ಜ್, ಈ ಮೂರೂ ಸೇರಿದರೆ ಒಳಗಿನ ದ್ರಾವಣ ಒಡೆದು ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್‌ನಂಥ ಅನಿಲಗಳು ಹುಟ್ಟುತ್ತವೆ. ಹಾಸಿಗೆ ಮೇಲಿಟ್ಟು, ಹಗಲೂ ರಾತ್ರಿ ಚಾರ್ಜರ್ ಚುಚ್ಚಿಟ್ಟು ಮನೆಯಿಂದಲೇ ಆಫೀಸ್ ಕೆಲಸ ಮಾಡುವ ನಮ್ಮ ಐಟಿ ಮಂದಿಯ ಅಭ್ಯಾಸಕ್ಕೆ ಇದು ಹೇಳಿ ಮಾಡಿಸಿದ ಕಾಯಿಲೆ. ಸೂಜಿಯಿಂದ ಚುಚ್ಚಿ ಗ್ಯಾಸ್ ಬಿಟ್ಟರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅವರ ಮಾತು ಕೇಳಬೇಡಿ. ಸೂಜಿ ತಾಗಿ ಒಳಪದರಗಳು ಶಾರ್ಟ್ ಆದರೆ ಕೆಲವೇ ಸೆಕೆಂಡಿನಲ್ಲಿ ಬೆಂಕಿ.

ಮೊದಲ ಹತ್ತು ನಿಮಿಷ

ಚಾರ್ಜರ್ ಕಿತ್ತು ಶಟ್‌ಡೌನ್ ಮಾಡಿ. ಸ್ಲೀಪ್ ಸಾಲದು. ಹಾಸಿಗೆ, ಕಿಟಕಿ ಪರದೆ, ಕಾಗದಗಳಿಂದ ದೂರ, ಟೈಲ್ಸ್ ನೆಲದ ಮೇಲೆ ನೆರಳಿನಲ್ಲಿಡಿ. ‘ಬ್ಯಾಕಪ್ ತಗೊಂಡು ಆಮೇಲೆ ನೋಡೋಣ’ ಎಂದು ಮತ್ತೆ ಚಾರ್ಜ್‌ಗೆ ಹಾಕಬೇಡಿ. ಬ್ಯಾಟರಿ ಹೊರತೆಗೆದ ಮೇಲೂ ಅನೇಕ ಲ್ಯಾಪ್‌ಟಾಪ್‌ಗಳು ಬರೀ ಅಡಾಪ್ಟರ್‌ನಲ್ಲಿ ಓಡುತ್ತವೆ, ಬ್ಯಾಕಪ್ ಆಗ ಮಾಡಬಹುದು. ಹಿಸ್ ಶಬ್ದ, ನೇಲ್ ಪಾಲಿಶಿನಂಥ ಸಿಹಿ ವಾಸನೆ ಅಥವಾ ಹೊಗೆ ಬಂದರೆ ಕೈ ಹಾಕದೆ ಹೊರಗೆ ಬಂದು, ಬಾಗಿಲು ಎಳೆದುಕೊಂಡು 112ಕ್ಕೆ ಕರೆ ಮಾಡಿ. ಆ ಹೊಗೆ ವಿಷಕಾರಿ.

ಬಿಚ್ಚುವುದು

ಅಂಟು ಹಾಕಿ ಕೂರಿಸಿದ ಬ್ಯಾಟರಿಯಾದರೆ (ಮ್ಯಾಕ್‌ಬುಕ್‌ಗಳಲ್ಲಿ ಹೆಚ್ಚಾಗಿ ಹೀಗೇ) ಸರ್ವಿಸ್ ಸೆಂಟರಿಗೇ ಕೊಡಿ. ಊದಿದ ಚೀಲವನ್ನು ಅಂಟಿನಿಂದ ಮೀಟುವುದೇ ಇಡೀ ಕೆಲಸದಲ್ಲಿ ಅತಿ ಅಪಾಯದ ಗಳಿಗೆ. ಸ್ಕ್ರೂನಲ್ಲಿ ನಿಂತಿರುವ ಬ್ಯಾಟರಿಯಾದರೆ, ಕೈ ಪಳಗಿದವರು ಮನೆಯಲ್ಲೇ ತೆಗೆಯಬಹುದು. ಫಿಲಿಪ್ಸ್ 0 ಅಥವಾ ಟಾರ್ಕ್ಸ್ 5 ಸ್ಕ್ರೂಡ್ರೈವರ್, ಒಂದು ಪ್ಲಾಸ್ಟಿಕ್ ಕಡ್ಡಿ ಸಾಕು. ತಳದ ಸ್ಕ್ರೂಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ಇಡ್ಲಿ ತಟ್ಟೆಯ ಗುಳಿಗಳಲ್ಲಿ ಸಾಲಾಗಿ ಹಾಕಿಟ್ಟುಕೊಂಡರೆ ಉದ್ದದ್ದು ಗಿಡ್ಡದರ ಜಾಗಕ್ಕೆ ಹೋಗಿ ಬೋರ್ಡ್ ಕೊರೆಯುವ ಪ್ರಮೇಯ ಬಾರದು. ಕವರ್ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಬಿಡಿಸಿ. ವೈರ್ ಹಿಡಿದು ಜಗ್ಗದೆ, ಕನೆಕ್ಟರಿನ ಎರಡೂ ಬದಿಗೆ ಕಡ್ಡಿ ಕೊಟ್ಟು ಸ್ವಲ್ಪಸ್ವಲ್ಪವೇ ಸರಿಸಿ. ಆಮೇಲೆ ಬ್ಯಾಟರಿಯ ಸ್ಕ್ರೂ ಬಿಚ್ಚಿ, ಬಾಗಿಸದೆ ಎರಡೂ ಕೈಯಲ್ಲಿ ಎತ್ತಿ. ಖಾಲಿಯಾದ ಜಾಗವನ್ನು ಟಾರ್ಚ್ ಹಾಕಿ ನೋಡಿ: ಉದುರಿದ ಒಂದು ಸ್ಕ್ರೂ ಅಲ್ಲೇ ಉಳಿದರೂ ಹೊಸ ಬ್ಯಾಟರಿಯ ಹೊಟ್ಟೆಗೆ ಒತ್ತುತ್ತಿರುತ್ತದೆ.

ತೆಗೆದದ್ದರ ಕನೆಕ್ಟರಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಒಣ ಮರಳು ತುಂಬಿದ ಲೋಹದ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿಯದೆ, ಬಿಸಿಲು ಬೀಳದ ಬಾಲ್ಕನಿಯಲ್ಲಿಡಿ. ಕಸದ ಆಟೋಗೆ ಹಾಕಬೇಡಿ: ಕಾಂಪ್ಯಾಕ್ಟರ್ ಲಾರಿ ಅದುಮಿದಾಗ ಹೊತ್ತಿಕೊಳ್ಳುವುದು ಇಂಥವೇ, ಎದುರಿಗಿರುವವರು ಪೌರಕಾರ್ಮಿಕರು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸುವ ಹೊಣೆ ತಯಾರಕರದು. ಆದ್ದರಿಂದ ಕಂಪನಿಯ ಸರ್ವಿಸ್ ಸೆಂಟರ್ ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಇ-ತ್ಯಾಜ್ಯ ಘಟಕಕ್ಕೆ ಕೊಡಿ. ‘ಬ್ಯಾಟರಿ ಊದಿದೆ’ ಎಂದು ಫೋನಿನಲ್ಲೇ ಹೇಳಿ, ಒಪ್ಪಿದ ಮೇಲೆ ಒಯ್ಯಿರಿ. ಕೊರಿಯರ್ ಬೇಡ, ವಿಮಾನದಲ್ಲಂತೂ ನಿಷಿದ್ಧ.

ಹೊಸದನ್ನು ಆರಿಸುವಾಗ

ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗೆ ಹೋಗುವ ಮುನ್ನ ಹಳೆಯ ಬ್ಯಾಟರಿಯ ಲೇಬಲ್ಲಿನ ಫೋಟೊ ತೆಗೆದುಕೊಳ್ಳಿ. ಲ್ಯಾಪ್‌ಟಾಪ್ ಮಾಡೆಲ್ ಹೇಳಿದರೆ ಸಾಲದು, ಒಂದೇ ಮಾಡೆಲ್‌ಗೆ ಎರಡು ಮೂರು ಬಗೆಯ ಬ್ಯಾಟರಿ ಇರುತ್ತವೆ. ಪಾರ್ಟ್ ನಂಬರ್, ವೋಲ್ಟ್, ವ್ಯಾಟ್ ಅವರ್ (ಬ್ಯಾಟರಿ ಹಿಡಿಯುವ ಒಟ್ಟು ಶಕ್ತಿ) ಮೂರೂ ತಾಳೆಯಾಗಬೇಕು. 11.1, 11.4, 11.55 ವೋಲ್ಟ್ ಮೂರೂ ಮೂರು ಸೆಲ್ಲಿನವೇ. ಆದರೆ ಪ್ರತಿ ಸೆಲ್ ತುಂಬುವ ಮಿತಿ ಕ್ರಮವಾಗಿ ಸುಮಾರು 4.2, 4.35, 4.4 ವೋಲ್ಟ್. 4.2ರ ಸೆಲ್ಲಿಗೆ 4.35 ತುಂಬಿದರೆ ಅದು ಓವರ್‌ಚಾರ್ಜ್. ‘ಹೆಚ್ಚುಕಡಿಮೆ ಒಂದೇ ಸರ್, ನಡಿಯುತ್ತೆ’ ಎಂಬ ಮಾತಿಗೆ ತಲೆಯಾಡಿಸಬೇಡಿ.

ಲೇಬಲ್ಲಿನ ಲೆಕ್ಕ ನೀವೇ ಹಾಕಿ. 11.4 ವೋಲ್ಟ್, 3,600 ಎಂಎಎಚ್ (ಮಿಲಿ ಆಂಪಿಯರ್ ಅವರ್, ಅಂದರೆ 3.6 ಆಂಪಿಯರ್ ಅವರ್) ಎಂದಿದ್ದರೆ 11.4 × 3.6 = 41 ವ್ಯಾಟ್ ಅವರ್. ಲೇಬಲ್ 50 ಎಂದು ಹೇಳಿದರೆ ಅಲ್ಲೇ ಸುಳ್ಳು ಸಿಕ್ಕಿತು. ಅದೇ ಅಳತೆಯ ಚೀಲದಲ್ಲಿ ದುಪ್ಪಟ್ಟು ಎಂಎಎಚ್ ಎಂಬುದೂ ಅಷ್ಟೇ. ಐಎಸ್ 16046 (ಇಂಥ ಬ್ಯಾಟರಿಗಳ ಸುರಕ್ಷತೆಗಿರುವ ಭಾರತೀಯ ಮಾನದಂಡ) ಗುರುತು, ‘ಆರ್’ನಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರದೆಂದು ಅಂಗಡಿಯಲ್ಲೇ ತಿಳಿಯುತ್ತದೆ. ತಯಾರಾದ ತಾರೀಖನ್ನೂ ನೋಡಿ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತರೂ ಬ್ಯಾಟರಿ ಮುದಿಯಾಗುತ್ತದೆ. ಕಂಪನಿಯದೇ ಸಿಕ್ಕರೆ ಒಂದಿಷ್ಟು ಹೆಚ್ಚು ತೆತ್ತರೂ ಅದನ್ನೇ ಕೊಳ್ಳಿ. ‘ಒರಿಜಿನಲ್ ಪುಲ್’ ಎಂದರೆ ಇನ್ನೊಬ್ಬರ ಲ್ಯಾಪ್‌ಟಾಪಿನಿಂದ ಕಿತ್ತದ್ದು. ಜಿಎಸ್‌ಟಿ ಬಿಲ್ಲಿನಲ್ಲಿ ಪಾರ್ಟ್ ನಂಬರ್, ವಾರಂಟಿ ಅವಧಿ ಬರೆಸಿಕೊಳ್ಳಿ.

ಹಾಕಿದ ಮೇಲೆ ಮೊದಲ ಚಾರ್ಜ್ ಎಚ್ಚರವಿದ್ದಾಗಲೇ ಆಗಲಿ. ಚಾರ್ಜ್ ಮಿತಿಯನ್ನು 80%ಕ್ಕೆ ಇಳಿಸುವ ಸೌಲಭ್ಯ ಬಯಾಸ್‌ನಲ್ಲೋ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್) ಕಂಪನಿಯ ಆ್ಯಪ್‌ನಲ್ಲೋ ಇದ್ದರೆ, ಒಮ್ಮೆ ಪೂರ್ತಿ ತುಂಬಿಸಿ ಪರೀಕ್ಷಿಸಿದ ನಂತರ ಆನ್ ಮಾಡಿ. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ powercfg /batteryreport ಎಂದು ಟೈಪ್ ಮಾಡಿ ಬ್ಯಾಟರಿ ರಿಪೋರ್ಟ್ ತೆಗೆಸಿದರೆ ಡಿಸೈನ್ ಕೆಪಾಸಿಟಿ (ಹೊಸದರಲ್ಲಿ ಹಿಡಿಯಬೇಕಾದಷ್ಟು), ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವಷ್ಟು) ಒಂದರ ಕೆಳಗೊಂದು ಕಾಣುತ್ತವೆ. ಸೈಕಲ್ ಕೌಂಟ್ (ಎಷ್ಟು ಸಲ ಪೂರ್ತಿ ಚಾರ್ಜಿನಷ್ಟು ಬಳಕೆಯಾಗಿದೆ ಎಂಬ ಲೆಕ್ಕ) ನೂರರ ಮೇಲಿದ್ದರೆ ಅಥವಾ ಎರಡನೆಯದು ಮೊದಲನೆಯದರ 90%ಕ್ಕಿಂತ ಕಡಿಮೆ ಇದ್ದರೆ ನಿಮಗೆ ಸಿಕ್ಕಿರುವುದು ಹಳೆಯದು. ಆ ಪುಟದ ಪ್ರಿಂಟ್ ತೆಗೆದು, ಬಿಲ್ ಸಮೇತ ಮರುದಿನವೇ ಅಂಗಡಿಗೆ ಹೋಗಿ.