ಬೆಳಿಗ್ಗೆ ಬುಡಾಪೆಸ್ಟಿನಲ್ಲಿ ಓಟ, ಸಂಜೆ ವಿಯೆನ್ನಾದಲ್ಲಿ ಒಪೆರಾ: ಹೋಟೆಲಿಲ್ಲದ ನನ್ನ ಶನಿವಾರಗಳು

ಈ ಏಪ್ರಿಲಿನಲ್ಲಿ ವಿಯೆನ್ನಾ ಮ್ಯಾರಥಾನನ್ನು ನಾಲ್ಕು ಗಂಟೆಗಿಂತ ತುಸು ಕಡಿಮೆ ಹೊತ್ತಿನಲ್ಲೇ ಓಡಿ ಮುಗಿಸಿ, ಅದೇ ಸಂಜೆ ನಾನಿರುವ ಈ ಊರಿನ ಒಪೆರಾ ಮಂದಿರ ಸ್ಟಾಟ್ಸ್‌ಓಪರ್‌ನ ಗ್ಯಾಲರಿಯಲ್ಲಿ ಪುಚ್ಚಿನಿಯ ಮೂರು ಅಂಕಗಳ ಒಪೆರಾವನ್ನು ನಿಂತೇ ಕೇಳಿದೆ. ಹಾಗಾಗಿ ಓಟ, ಊರು, ಸಂಗೀತ ಮೂರನ್ನೂ ಒಂದೇ ದಿನಕ್ಕೆ ಹೊಂದಿಸುವ ನನ್ನ ಪದ್ಧತಿಯನ್ನು ಬರೆಯುವ ಅಧಿಕಾರ ಈಗ ನನಗೆ ಬಂದಿದೆ ಎಂದುಕೊಂಡಿದ್ದೇನೆ. ಮೂರು ವರ್ಷ ಸುಮ್ಮನಿದ್ದೆ, ಏಕೆಂದರೆ ಯಾರೂ ನಂಬುತ್ತಿರಲಿಲ್ಲ. ಇಲ್ಲಿನ ಕನ್ನಡ ಗೆಳೆಯರ ವಾದ ಸರಳವಾಗಿತ್ತು: ಓಡುವವನು ಓಡಲಿ, ಊರು ನೋಡುವವನು ನೋಡಲಿ, ಸಂಗೀತ ಕೇಳುವವನು ಕೂತು ಕೇಳಲಿ, ಮೂರನ್ನೂ ಒಂದೇ ಶನಿವಾರಕ್ಕೆ ತುರುಕಿದರೆ ಮೊಣಕಾಲೂ ಕೆಡುತ್ತದೆ, ರಸವೂ ಕೆಡುತ್ತದೆ. ಕಚೇರಿಯ ಆಸ್ಟ್ರಿಯನ್ನರು ಹೆಚ್ಚು ಸಭ್ಯರು, ಹುಬ್ಬೇರಿಸಿ ಸುಮ್ಮನಾದರು. ಅವರಲ್ಲಿ ಇಬ್ಬರು ಈಗ ನನ್ನ ಜೊತೆ ಬರುತ್ತಾರೆ.

ಬೂಟು ಯಾವುದು, ವಾರಕ್ಕೆ ಎಷ್ಟು ಕಿಲೋಮೀಟರು, ಟಿಕೆಟಿನ ಆ್ಯಪ್ ಯಾವುದು ಎಂಬುದೆಲ್ಲ ಓದುವವರಿಗೆ ಗೊತ್ತಿರುತ್ತದೆ. ಅದನ್ನು ಬಿಟ್ಟು ಕೆಟ್ಟ ಪ್ರಯೋಗಗಳಿಂದಲೇ ಶುರು ಮಾಡುತ್ತೇನೆ, ಹಣ ಹೋದದ್ದು ಅಲ್ಲೇ.

ಮೊದಲು ನಾನೂ ಎಲ್ಲರಂತೆ ಹೋಟೆಲು ಹಿಡಿಯುತ್ತಿದ್ದೆ. ಶುಕ್ರವಾರ ರಾತ್ರಿ ಪ್ರಾಗ್ ತಲುಪುವುದು, ಶನಿವಾರ ಬೆಳಿಗ್ಗೆ ಸ್ಟ್ರೊಮೊವ್ಕಾ ಉದ್ಯಾನದಲ್ಲಿ ಉದ್ದದ ಓಟ, ಆಮೇಲೆ ಊರು. ಕೋಣೆಗೆ 100 ಯೂರೋ ಮೇಲೆ, ರೈಲಿಗೆ 50-60, ಊಟಕ್ಕೆ 40. ಒಂದು ವಾರಾಂತ್ಯಕ್ಕೆ 200 ಯೂರೋ ಮಂಗಮಾಯ. ಅಷ್ಟು ಕೊಟ್ಟರೂ ಹತ್ತೂವರೆಗೆ ಕೋಣೆ ಖಾಲಿ ಮಾಡಬೇಕೆಂಬ ಗಡಿಬಿಡಿಯಲ್ಲಿ ಓಟವನ್ನು ಮೊಟಕುಗೊಳಿಸಬೇಕಾಗುತ್ತಿತ್ತು. ಕೊಟ್ಟ ಹಣವೆಲ್ಲ ಒಂದು ಸ್ನಾನಕ್ಕೆ ಎಂದು ಲೆಕ್ಕ ಹಾಕಿದ ದಿನ ಹೋಟೆಲು ಬಿಟ್ಟೆ.

ಆಮೇಲೆ ರೈಲು ನಿಲ್ದಾಣದ ಲಾಕರಿನಲ್ಲಿ ಬಟ್ಟೆ ಇಟ್ಟು, ಓಡಿ ಬಂದು, ಒದ್ದೆ ಟಿಶ್ಯೂವಿನಲ್ಲಿ ಮೈ ಒರೆಸಿಕೊಂಡು ಅಂಗಿ ಬದಲಿಸುವ ಪ್ರಯೋಗ. ಹಣದ ಮಟ್ಟಿಗೆ ಇದು ಅದ್ಭುತ. ಆದರೆ ಒಂದು ಸಂಜೆ ಒಪೆರಾದಲ್ಲಿ ನನ್ನ ಪಕ್ಕ ನಿಂತಿದ್ದ ಹಿರಿಯ ಮಹಿಳೆ ಮೊದಲ ಅಂಕದ ನಡುವೆ ಸದ್ದಿಲ್ಲದೆ ಎರಡು ಜಾಗ ಆಚೆ ಸರಿದರು. ಪೌಡರು ಎಲ್ಲವನ್ನೂ ಮುಚ್ಚುವುದಿಲ್ಲ.

ಮೂರನೆಯದು ಕ್ರಮ ತಿರುಗಿಸಿದ್ದು: ಮೊದಲು ಮ್ಯೂಸಿಯಂ, ಸಂಜೆ ಓಟ. ಇದನ್ನು ಯಾರೂ ಮಾಡಬೇಡಿ. ಚಿತ್ರಶಾಲೆಯ ಕಲ್ಲುನೆಲದ ಮೇಲೆ ಮೂರು ಗಂಟೆ ನಿಂತು, ಎರಡು ಹೆಜ್ಜೆ ಇಟ್ಟು, ಮತ್ತೆ ನಿಲ್ಲುವ ನಡಿಗೆ ಕಾಲನ್ನು ಹಿಂಡುವಷ್ಟು 20 ಕಿಲೋಮೀಟರಿನ ಓಟವೂ ಹಿಂಡುವುದಿಲ್ಲ. ನಾಲ್ಕನೆಯದು ರಾತ್ರಿ ರೈಲು. ಮಲಗುವ ಬೋಗಿ ದುಬಾರಿಯೆಂದು ಕುಳಿತುಕೊಂಡೇ ವೆನಿಸ್ ತಲುಪಿ ಓಡಲು ಹೊರಟೆ. ವೆನಿಸಿನಲ್ಲಿ ನಾನೂರರಷ್ಟು ಸೇತುವೆಗಳಿವೆ, ಹೆಚ್ಚಿನವಕ್ಕೆ ಮೆಟ್ಟಿಲು. ಆರನೇ ಕಿಲೋಮೀಟರಿಗೆ ಮೀನಖಂಡ ಹಿಡಿದುಕೊಂಡಿತು. ಉಳಿದ ದಿನ ದೋಣಿಬಸ್ಸಿನಲ್ಲಿ ಕಾಲು ಚಾಚಿಕೊಂಡು ಊರು ನೋಡಿದೆ. ಅದು ಕೆಟ್ಟ ದಿನವೇನಲ್ಲ, ಆದರೆ ಓಟದ ಲೆಕ್ಕಕ್ಕೆ ಸೊನ್ನೆ.

ದಾರಿ ಸಿಕ್ಕಿದ್ದು ಈಜುಕೊಳದಲ್ಲಿ. ವಿಯೆನ್ನಾದ ಫಾವೊರಿಟೆನ್ ಬಡಾವಣೆಯ ಅಮಾಲಿಯನ್‌ಬಾಡ್ ನೋಡಿದವರಿಗೆ ಗೊತ್ತು: 1926ರಲ್ಲಿ, ಮನೆಯಲ್ಲಿ ಸ್ನಾನದ ಕೋಣೆಯೇ ಇಲ್ಲದ ಕಾರ್ಮಿಕರಿಗಾಗಿ ನಗರಸಭೆ ಕಟ್ಟಿಸಿದ ಅರಮನೆಯಂಥ ಸ್ನಾನಗೃಹ. ಮುಖ್ಯ ರೈಲು ನಿಲ್ದಾಣದಿಂದ ಮೆಟ್ರೋದಲ್ಲಿ ಎರಡೇ ನಿಲ್ದಾಣ, ಅಲ್ಲಿಂದ ಒಪೆರಾಕ್ಕೆ ಅದೇ ಮಾರ್ಗದಲ್ಲಿ ನಾಲ್ಕು. ಏಳೆಂಟು ಯೂರೋ ಕೊಟ್ಟರೆ ಲಾಕರು, ಬಿಸಿನೀರು, ಕೂದಲು ಒಣಗಿಸುವ ಯಂತ್ರ, ಎಲ್ಲಕ್ಕಿಂತ ಮುಖ್ಯವಾಗಿ ಓಡಿದ ಕಾಲಿಗೆ ಅರ್ಧ ಗಂಟೆ ತಣ್ಣನೆಯ ನೀರು. ಹೋಟೆಲು ಕೊಡುತ್ತಿದ್ದದ್ದೆಲ್ಲ ಇಲ್ಲೇ ಇದೆ, ಹಾಸಿಗೆಯೊಂದನ್ನು ಬಿಟ್ಟು. ಹಾಸಿಗೆ ಮನೆಯಲ್ಲಿದೆ. ಮಧ್ಯ ಯೂರೋಪಿನ ಪ್ರತಿ ಊರಿನಲ್ಲೂ ಇಂಥದೊಂದು ಕೊಳವಿದೆ ಎಂದು ಹೊಳೆದದ್ದೇ ನನ್ನ ಇಡೀ ವಿದ್ಯೆ. ಈಗ ನಾನು ಹೊಸ ಊರಿಗೆ ಹೊರಡುವಾಗ ಕೋಟೆ, ಚರ್ಚು ಹುಡುಕುವ ಮೊದಲು ಈಜುಕೊಳ ಹುಡುಕುತ್ತೇನೆ.

ಬುಡಾಪೆಸ್ಟಿನ ದಿನ ಹೀಗೆ ಸಾಗುತ್ತದೆ. ಬೆಳಗಿನ ರೈಲಿಗೆ ಹೊರಟರೆ ಎರಡು ಗಂಟೆ ನಲವತ್ತು ನಿಮಿಷಕ್ಕೆ ಕೆಲೆಟಿ ನಿಲ್ದಾಣ. ಮೆಟ್ರೋದ ಎರಡನೆಯ ಮಾರ್ಗ ಹಿಡಿದು ಬ್ಲಾಹಾ ಲುಯ್ಜಾ ಚೌಕದಲ್ಲಿ ಇಳಿಯುವುದು, ಅಲ್ಲಿಂದ 4 ಅಥವಾ 6ನೇ ಟ್ರಾಮು. ಮಾರ್ಗಿತ್ ಸೇತುವೆಯ ನಡುವೆಯೇ ಇಳಿದರೆ ಮಾರ್ಗಿತ್ ದ್ವೀಪ. ದ್ವೀಪದ ಸುತ್ತ ಐದೂಕಾಲು ಕಿಲೋಮೀಟರಿನಷ್ಟು ಉದ್ದದ ರಬ್ಬರಿನ ಓಟದ ಪಥ, ಎರಡೂ ಬದಿಗೆ ದಾನ್ಯೂಬ್, ಒಂದೂ ಸಿಗ್ನಲ್ ಇಲ್ಲ. ಮೂರು ಸುತ್ತಿಗೆ 16 ಕಿಲೋಮೀಟರು, ನಾಲ್ಕಕ್ಕೆ ಅರ್ಧ ಮ್ಯಾರಥಾನು. ಅದೇ ದ್ವೀಪದಲ್ಲಿ ಆಲ್ಫ್ರೆಡ್ ಹಾಯೋಶ್ ಹೆಸರಿನ ಈಜುಕೊಳ. ಈ ಹಾಯೋಶ್ 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಈಜಿನಲ್ಲಿ ಎರಡು ಚಿನ್ನ ಗೆದ್ದವನು. ವಾಸ್ತುಶಿಲ್ಪಿಯಾಗಿ 1924ರ ಪ್ಯಾರಿಸ್ ಒಲಿಂಪಿಕ್ಸಿನ ಕಲಾಸ್ಪರ್ಧೆಯಲ್ಲಿ ಬೆಳ್ಳಿ ಪಡೆದವನು. ಈ ಕೊಳವನ್ನು ವಿನ್ಯಾಸ ಮಾಡಿದವನೂ ಅವನೇ. ಪ್ರವಾಸಿಗರು ಸೇಚೆನಿ ಬಿಸಿನೀರಿನ ಸ್ನಾನಕ್ಕೆ ದುಬಾರಿ ಟಿಕೆಟು ಕೊಂಡು ಸಾಲು ನಿಲ್ಲುವಾಗ ನಾನು ಒಲಿಂಪಿಕ್ ವೀರನ ಕೊಳದಲ್ಲಿ ಅದರ ಚಿಕ್ಕದೊಂದು ಪಾಲಿನ ಬೆಲೆಗೆ ಕಾಲು ಬಡಿಯುತ್ತಿರುತ್ತೇನೆ. ಈಜುಟೋಪಿ ಮನೆಯಿಂದಲೇ ಒಯ್ಯಿರಿ, ಅಲ್ಲಿ ಅದಿಲ್ಲದೆ ನೀರಿಗೆ ಇಳಿಯಲು ಬಿಡುವುದಿಲ್ಲ.

ಮಧ್ಯಾಹ್ನದ ರೈಲಿನಲ್ಲಿ ಮರಳಿದರೆ ಒಪೆರಾದ ಹೊತ್ತಿಗೆ ವಿಯೆನ್ನಾ. ನಿಲ್ಲುವ ಜಾಗದ ಟಿಕೆಟು ಈಗ ಅದೇ ದಿನ ಬೆಳಿಗ್ಗೆ ಹತ್ತಕ್ಕೆ ಆನ್‌ಲೈನಿನಲ್ಲೂ ಸಿಗುತ್ತದೆ, ಹಾಗಾಗಿ ಮೊದಲ ಸುತ್ತಿನ ನಡುವೆ ನಿಂತು ಮೊಬೈಲು ಒತ್ತುವುದೂ ನನ್ನ ಓಟದ ಭಾಗವಾಗಿದೆ. ನಾನು ಈ ಊರಿಗೆ ಬಂದ ಹೊಸದರಲ್ಲಿ ಮೂರು-ನಾಲ್ಕು ಯೂರೋ ಇತ್ತು. ಈಗ ಹತ್ತು ದಾಟಿದೆ, ಆದರೂ ಕುಳಿತುಕೊಳ್ಳುವವರ ಟಿಕೆಟಿನ ಮುಂದೆ ಅದು ಚಿಲ್ಲರೆ. ಆಗ ಗಂಟೆಗಟ್ಟಲೆ ಸಾಲು ನಿಂತು, ಒಳಗೆ ಓಡಿ, ರೇಲಿಂಗಿಗೆ ಸ್ಕಾರ್ಫ್ ಕಟ್ಟಿ ಜಾಗ ಹಿಡಿಯಬೇಕಿತ್ತು. ಕಟ್ಟಿದ ಮೇಲೆ ಊಟಕ್ಕೆ ಹೋಗಿ ಬಂದರೂ ಯಾರೂ ಮುಟ್ಟುತ್ತಿರಲಿಲ್ಲ. ಹುಬ್ಬಳ್ಳಿ ನಿಲ್ದಾಣದಲ್ಲಿ ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದಂತೆಯೇ; ಇಲ್ಲಿ ಜಗಳವಿಲ್ಲ ಅಷ್ಟೆ.

ಗೆಳೆಯರು ನಂಬದೇ ಇದ್ದದ್ದು ಇಲ್ಲಿ: ಓಡಿದ ಕಾಲಿನ ಮೇಲೆ ಮತ್ತೆ ಮೂರು ಗಂಟೆ ನಿಲ್ಲುವುದು ಹೇಗೆ? ಒಪೆರಾವನ್ನು ಓಟದ ಉದ್ದಕ್ಕೆ ಹೊಂದಿಸಿ ಆರಿಸಿಕೊಳ್ಳಬೇಕು. ನಾನೂ ಮೊದಲು ಚಿಕ್ಕ ಒಪೆರಾ ಸುಲಭ ಎಂದುಕೊಂಡು ರಿಚರ್ಡ್ ಸ್ಟ್ರಾಸನ ‘ಸಲೋಮೆ’, ‘ಎಲೆಕ್ಟ್ರಾ’ಗಳನ್ನೇ ಉದ್ದ ಓಟದ ದಿನಕ್ಕೆ ಇಟ್ಟುಕೊಳ್ಳುತ್ತಿದ್ದೆ. ಎರಡೂ ಒಂದೇ ಅಂಕ, ಒಂದೂಮುಕ್ಕಾಲು ಗಂಟೆ ಆಸುಪಾಸು. ಅನುಭವ ಬೇರೆಯೇ ಹೇಳಿತು. ವಿರಾಮವೇ ಇಲ್ಲದ ಒಂದೂಮುಕ್ಕಾಲು ಗಂಟೆಗಿಂತ ನಡುವೆ ಮೆಟ್ಟಿಲ ಮೇಲೆ ಕೂತು ಏಳಬಹುದಾದ ಮೂರು ಗಂಟೆಯೇ ವಾಸಿ. ಈಗಿನ ನನ್ನ ಪಟ್ಟಿ: 20 ಕಿಲೋಮೀಟರು ಮೇಲಾದರೆ ಎರಡು ವಿರಾಮದ ಪುಚ್ಚಿನಿ ಅಥವಾ ವೆರ್ದಿ; ಹತ್ತರ ಒಳಗಾದರೆ ಸ್ಟ್ರಾಸ್; ವಾಗ್ನರ್ ಆದರೆ ಅಂದು ಓಟವೇ ಇಲ್ಲ. ಅವನ ‘ರೈನ್‌ಗೋಲ್ಡ್’ ಎರಡೂವರೆ ಗಂಟೆ ಎಲ್ಲೂ ನಿಲ್ಲದೆ ಹರಿಯುತ್ತದೆ, ಅದರ ಮುಂದೆ ಮ್ಯಾರಥಾನಿನ ಕೊನೆಯ ಹತ್ತು ಕಿಲೋಮೀಟರು ಸಲೀಸು. ಕಣ್ಣಿಗೆ ಕೆಳಗಿನ ಪಾರ್ಟೆರ್ ಚೆನ್ನ, ಕಿವಿಗೆ ಮೇಲಿನ ಗ್ಯಾಲರಿ. ನಾನು ಧಾರವಾಡದವನು; ಮನ್ಸೂರರೂ ಗಂಗೂಬಾಯಿಯವರೂ ಹಾಡಿದ ನಾಡಿನಿಂದ ಬಂದವನಿಗೆ ವೇಷಭೂಷಣಕ್ಕಿಂತ ಗಂಟಲು ಮುಖ್ಯ. ಮೈಕು ಇಲ್ಲದ ಕಂಠ ಇಡೀ ವಾದ್ಯಮೇಳವನ್ನು ದಾಟಿ ಮಾಳಿಗೆಯ ತುದಿಗೆ ಬಂದು ಮುಟ್ಟುವುದನ್ನು ಅಲ್ಲಿ ನಿಂತೇ ಕೇಳಬೇಕು.

ಚೀಲದ ತೂಕ ಎರಡೂವರೆ ಕಿಲೋ ದಾಟಬಾರದು. ಮುದುಡದ ಕಪ್ಪು ಪ್ಯಾಂಟು, ತೆಳು ಅಂಗಿ, ಈಜುಡುಗೆ, ಚಿಕ್ಕ ಟವೆಲು. ಬೂಟು ಒಂದೇ ಜೊತೆ, ಪೂರ್ತಿ ಕಪ್ಪು. ಗ್ಯಾಲರಿಯ ಕತ್ತಲಲ್ಲಿ ಅದು ಓಟದ ಬೂಟೆಂದು ಯಾರಿಗೂ ತಿಳಿಯುವುದಿಲ್ಲ. ಚೀಲ ಬೆನ್ನಿಗಿದ್ದೇ ಓಡಿದರೂ ಅಂಗಿಗೆ ಸುಕ್ಕು ಬೀಳದಂತೆ ಮಡಚುವ ಒಂದು ಕ್ರಮವಿದೆ. ಅದನ್ನು ಕಂಡುಕೊಳ್ಳಲು ನನಗೆ ಒಂದು ಚಳಿಗಾಲ ಹಿಡಿಯಿತು, ನಿಮಗೂ ಹಿಡಿಯಲಿ.

ಈಗ ಹಣ. ವಿಯೆನ್ನಾ ನಗರದ ಬಸ್ಸು, ಟ್ರಾಮು, ಮೆಟ್ರೋಗಳ ವಾರ್ಷಿಕ ಪಾಸು ಬಹುಕಾಲ 365 ಯೂರೋ ಇತ್ತು, ದಿನಕ್ಕೆ ಒಂದು ಯೂರೋ. 2021ರ ಅಕ್ಟೋಬರಿನಲ್ಲಿ ಇಡೀ ಆಸ್ಟ್ರಿಯಾಕ್ಕೆ ಕ್ಲೀಮಾಟಿಕೆಟ್ ಎಂಬ ವಾರ್ಷಿಕ ಪಾಸು ಬಂದಾಗ ಅದರ ಬೆಲೆ 1095, ಅಂದರೆ ದಿನಕ್ಕೆ ಮೂರು. ಆಮೇಲೆ ಏರಿದೆ, ಆದರೂ ಗ್ರಾತ್ಸ್, ಲಿಂತ್ಸ್, ಸಾಲ್ಸ್‌ಬುರ್ಗ್ ಎಂದು ತಿಂಗಳಿಗೆ ಮೂರು ಸಲ ಹೊರಡುವವನಿಗೆ ಅದು ಚಳಿಗಾಲ ಮುಗಿಯುವ ಮೊದಲೇ ಅಸಲು ತೀರಿಸಿಕೊಡುತ್ತದೆ. ಆ ಪಾಸು ಇದ್ದವರು ಹೊರದೇಶಕ್ಕೆ ವಿಯೆನ್ನಾದಿಂದ ಪೂರ್ತಿ ಟಿಕೆಟು ಕೊಳ್ಳಬೇಕಾಗಿಲ್ಲ, ಗಡಿಯಿಂದಾಚೆಗಿನದು ಸಾಕು. ಅದನ್ನು ಅಗ್ಗವಾಗಿ ಎಲ್ಲಿ ಕೊಳ್ಳುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ; ಗೊತ್ತಾದವರು ಹೆಚ್ಚಾದಷ್ಟು ಅಗ್ಗದ ಟಿಕೆಟು ಬೇಗ ಮುಗಿಯುತ್ತದೆ. ಬುಡಾಪೆಸ್ಟಿನ ದಿನಕ್ಕೆ ಈಗ ನನ್ನ ಖರ್ಚು ರೈಲು, ಕೊಳ, ಲಾಂಗೋಶ್ ಎಂಬ ಕರಿದ ರೊಟ್ಟಿ, ಒಪೆರಾ ಸೇರಿ ಸುಮಾರು 60-65 ಯೂರೋ. ಮೊದಲಿನ 200ರ ಮೂರನೇ ಒಂದು ಪಾಲು.

ಆಹಾರದ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಓಟಗಾರರ ಜೆಲ್ ಒಂದಕ್ಕೆ ಎರಡು ಯೂರೋ, ಸಾಲದ್ದಕ್ಕೆ ನನ್ನ ಹೊಟ್ಟೆಗೆ ಒಗ್ಗದು. ಅವ್ವ ಕಳಿಸುವ ಶೇಂಗಾ ಹೋಳಿಗೆಯನ್ನು ನಾಲ್ಕು ತುಂಡು ಮಾಡಿ ಜೇಬಿನಲ್ಲಿಟ್ಟು, ಮುಕ್ಕಾಲು ಗಂಟೆಗೊಂದು ತಿಂದು ನೋಡಿದೆ. ಬೆಲ್ಲ, ಶೇಂಗಾ, ಸ್ವಲ್ಪ ಎಳ್ಳು. ನಿಧಾನ ಓಟಕ್ಕೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ, ವಾರಗಟ್ಟಲೆ ಕೆಡುವುದೂ ಇಲ್ಲ. ತೊಂದರೆ ಎರಡು. ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೆ ಅಗಿಯಲಾಗದಷ್ಟು ಬಿರುಸಾಗುತ್ತದೆ. ವೇಗದ ಓಟದಲ್ಲಿ ಪುಡಿ ಗಂಟಲಿಗೆ ಸಿಕ್ಕಿ ಕೆಮ್ಮು ಬರುತ್ತದೆ. ಚಳಿಗಾಲದಲ್ಲಿ ಕೈಗವಸಿನೊಳಗೆ ಇಟ್ಟುಕೊಂಡರೆ ಮೊದಲ ತೊಂದರೆ ನೀಗುತ್ತದೆ. ಎರಡನೆಯದಕ್ಕೆ ನೀರು ಬೇಕು. ಆಲ್ಪ್ಸ್ ಪರ್ವತದ ಒರತೆಯ ನೀರು 1873ರಿಂದ ಕೊಳವೆಯಲ್ಲಿ ಬರುವ ಈ ಊರಿನಲ್ಲಿ ಬೀದಿಗೊಂದು ಕುಡಿಯುವ ನಲ್ಲಿ. ಹಿಮಗಾಲದಲ್ಲಿ ಮಾತ್ರ ಬಹುತೇಕ ನಲ್ಲಿಗಳನ್ನು ಮುಚ್ಚಿರುತ್ತಾರೆ, ಮರೆಯಬೇಡಿ.

ವಾರದ ನಡುವಿನ ದಿನಗಳು ಸಾದಾ. ಕಚೇರಿ ಬಿಟ್ಟು ಪ್ರಾಟರ್ ಉದ್ಯಾನದ ಹಾದಿ ಹೌಪ್ಟ್‌ಅಲೀ. ಚೆಸ್ಟ್‌ನಟ್ ಮರಗಳ ನಡುವೆ ನಾಲ್ಕೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಗೆರೆ ಎಳೆದಂತೆ ನೇರ. 2019ರ ಅಕ್ಟೋಬರ್ 12ರಂದು ಕೀನ್ಯಾದ ಓಟಗಾರ ಕಿಪ್ಚೋಗೆ 1 ಗಂಟೆ 59 ನಿಮಿಷ 40 ಸೆಕೆಂಡಿಗೆ ಮ್ಯಾರಥಾನು ಮುಗಿಸಿದ್ದು ಇಲ್ಲೇ. ಅವನಿಗಾಗಿ ಹಾದಿಯ ಕೊನೆಯ ಮಂಟಪ ಲುಸ್ಟ್‌ಹೌಸಿನ ತಿರುವನ್ನು ಓರೆಯಾಗಿ ಎತ್ತರಿಸಿದ್ದರು. ಆ ತಿರುವಿನಲ್ಲಿ ನಾನೂ ಒಂದು ಕ್ಷಣ ಎದೆ ಉಬ್ಬಿಸಿ ಓಡುತ್ತೇನೆ, ಗಡಿಯಾರ ನೋಡದೆ. ಗುರುವಾರ ಮಾತ್ರ ಓಟ ಚಿಕ್ಕದು, ಏಕೆಂದರೆ ಅಂದು ಕಲಾಕೃತಿಗಳ ಕುನ್ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ವಾರ್ಷಿಕ ಕಾರ್ಡಿಗೆ ಸುಮಾರು 50 ಯೂರೋ ಕೊಟ್ಟ ನೆನಪು. ಕಾರ್ಡು ಇದ್ದರೆ ಒಂದೇ ಕೋಣೆ ನೋಡಿ ಮನೆಗೆ ಹೋಗಬಹುದು, ಕಾಲೂ ಉಳಿಯುತ್ತದೆ. ನನ್ನ ಕೋಣೆ ಚಿತ್ರಕಾರ ಬ್ರೂಗೆಲ್‌ನದು. 1565ರ ‘ಹಿಮದಲ್ಲಿ ಬೇಟೆಗಾರರು’ ಚಿತ್ರದ ಮುಂದೆ, ಮೈನಸ್ ಆರರಲ್ಲಿ ಓಡಿ ಬಂದು ನಿಂತರೆ, ಆ ನಾಯಿಗಳ ಬಾಗಿದ ಬೆನ್ನು ಕಾಲಿಗೇ ಅರ್ಥವಾಗುತ್ತದೆ.

ಚೆಕ್ ದೇಶದ ಬ್ರನೋ ಒಂದು ಇನ್ನೂ ಪೂರ್ತಿ ಪಳಗಿಲ್ಲ. ಒಂದೂವರೆ ಗಂಟೆಯ ದಾರಿ, ಓಟಕ್ಕೆ ಕೆರೆಯೂ ಗುಡ್ಡವೂ ಇವೆ, ಆದರೆ ಆಧುನಿಕ ವಾಸ್ತುಶಿಲ್ಪಕ್ಕೆ ಹೆಸರಾದ ತುಗೆಂಡ್‌ಹಾಟ್ ಮನೆಯ ಒಳಗೆ ಹೋಗಲು ತಿಂಗಳುಗಟ್ಟಲೆ ಮುಂಚೆ ಕಾದಿರಿಸಬೇಕು. ಕಾದಿರಿಸಿದ ಹೊತ್ತಿಗೂ ಓಟಕ್ಕೂ ಈಜುಕೊಳದ ಹೊತ್ತಿಗೂ ತಾಳ ಕೂಡಿಲ್ಲ.

ಜುಲೈ, ಆಗಸ್ಟಿನಲ್ಲಿ ಒಪೆರಾ ಮುಚ್ಚಿರುತ್ತದೆ, ಹಾಗಾಗಿ ಈ ಪದ್ಧತಿಯ ಅರ್ಧ ಭಾಗವೇ ಇಲ್ಲ. ಆಗ ನಾನು ನಗರವನ್ನು ಸುತ್ತುವ ‘ರುಂಡುಮಾಡುಮ್’ ಎಂಬ 120 ಕಿಲೋಮೀಟರಿನಷ್ಟು ಉದ್ದದ ಕಾಲುದಾರಿಯನ್ನು ತುಂಡು ತುಂಡಾಗಿ ಓಡುತ್ತೇನೆ. ಎಲ್ಲಿ ನಿಂತರೂ ಟ್ರಾಮೋ ಬಸ್ಸೋ ಹತ್ತಿರವಿರುವುದರಿಂದ ವಾಪಸು ಬರುವ ಚಿಂತೆಯಿಲ್ಲ. ಕಾಲೆನ್‌ಬೆರ್ಗ್ ಗುಡ್ಡ ಏರುವ ತುಂಡನ್ನು ಬೆಳಿಗ್ಗೆ ಏಳರೊಳಗೆ ಮುಗಿಸಿ, ಆಮೇಲೆ ಬಿಸಿಲು ಬಿಡುವುದಿಲ್ಲ. ದಾನ್ಯೂಬಿನ ಲೋಬಾವ್ ಜೌಗುಕಾಡಿನ ತುಂಡಿಗೆ ಹೊರಡುವವರು ನೀರಿಗಿಂತ ಮೊದಲು ಸೊಳ್ಳೆಗೆ ಹಚ್ಚುವ ಎಣ್ಣೆ ತೆಗೆದುಕೊಳ್ಳಿ. ಅಲ್ಲಿ ನಿಂತು ಬೂಟಿನ ದಾರ ಕಟ್ಟುವುದೂ ಸಾಧ್ಯವಿಲ್ಲ.