ಹೆವಿವೇಟ್ ಬಾಕ್ಸರ್ ಸೌತ್‌ಪಾಗೆ ತಿರುಗುವುದು: ಕಾಲು ಎಲ್ಲಿ, ಕೈ ಎಲ್ಲಿ, ಯಾವಾಗ

ಎಡಗಾಲು, ಎಡಗೈ ಮುಂದಿಟ್ಟು ಬಲಗೈಯನ್ನು ಹಿಂದೆ ಕಾಯ್ದಿರಿಸಿಕೊಂಡರೆ ಆರ್ಥಡಾಕ್ಸ್ ನಿಲುವು. ಬಲಗಾಲು, ಬಲಗೈ ಮುಂದೆ ಬಂದರೆ ಸೌತ್‌ಪಾ. ಎಡಗೈ ವಾಡಿಕೆಯವರು ಹುಟ್ಟಾ ಹೀಗೆ ನಿಲ್ಲುತ್ತಾರೆ. ಇಲ್ಲಿ ಹೇಳುತ್ತಿರುವುದು ಅವರ ವಿಷಯವಲ್ಲ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ 200 ಪೌಂಡ್, ಅಂದರೆ 90.7 ಕೆಜಿ ದಾಟಿದವರ ವರ್ಗ ಹೆವಿವೇಟ್. ಆ ತೂಕದ ಬಲಗೈ ಬಾಕ್ಸರ್ ಪಂದ್ಯದ ನಡುವೆ ಬೇಕೆಂದೇ ಸೌತ್‌ಪಾಗೆ ತಿರುಗುವುದು ಹೇಗೆ ಎಂಬುದು ಇಲ್ಲಿಯ ವಿಷಯ. ಕನಿಷ್ಠ ಎರಡು ವರ್ಷ ಸ್ಪಾರಿಂಗ್ (ಜೊತೆಗಾರನೊಂದಿಗೆ ಅಭ್ಯಾಸದ ಕಾದಾಟ) ಮಾಡಿ, ಸ್ವಂತ ನಿಲುವಿನಲ್ಲಿ ಕಾಲು ಗಟ್ಟಿಯಾಗಿ ಕೂತ ಮೇಲೆ ಇದಕ್ಕೆ ಕೈ ಹಾಕಿ.

ಹೆಚ್ಚಿನವರು ಸೌತ್‌ಪಾಗೆ ತಿರುಗುವುದು ಎಡಗೈಯಲ್ಲಿ ದೊಡ್ಡ ಏಟು ಹಾಕುವ ಆಸೆಯಿಂದ. ಲೆಕ್ಕ ತಪ್ಪುವುದು ಅಲ್ಲೇ. ವರ್ಷಗಟ್ಟಲೆ ಜ್ಯಾಬ್, ಅಂದರೆ ಮುಂದಿನ ಕೈಯ ಚುರುಕಾದ ನೇರ ಏಟು, ಹೊಡೆದ ಎಡಗೈ ಒಂದೇ ದಿನದಲ್ಲಿ ಹಿಂದಿನ ಕೈಯ ಭಾರವನ್ನು ಕಲಿಯುವುದಿಲ್ಲ. ನಿಜವಾದ ಲಾಭ ಮುಂದಿನ ಕೈಯಲ್ಲಿದೆ. ನಿಮ್ಮ ಬಲವಾದ, ಚುರುಕಾದ ಬಲಗೈ ಎದುರಾಳಿಯ ಮುಖಕ್ಕೆ ಒಂದು ಅಡಿಯಷ್ಟು ಹತ್ತಿರ ಬರುತ್ತದೆ, ಅವನ ಜ್ಯಾಬ್‌ನ ದಾರಿಗೇ ಅಡ್ಡ ಕೂರುತ್ತದೆ. 2015ರ ನವೆಂಬರ್ 28ರಂದು ಡಸೆಲ್‌ಡಾರ್ಫ್‌ನಲ್ಲಿ ಟೈಸನ್ ಫ್ಯೂರಿ ಆಗಾಗ ನಿಲುವು ಬದಲಿಸುತ್ತ, ಮುಂದಿನ ಕೈ ಆಡಿಸುತ್ತ ವ್ಲಾಡಿಮಿರ್ ಕ್ಲಿಚ್ಕೊ ಅವರ ಜ್ಯಾಬ್‌ಗೆ ಲಯವೇ ಸಿಗದಂತೆ ಮಾಡಿದರು. ಸುಮಾರು ಹತ್ತು ವರ್ಷ ಹೆವಿವೇಟ್ ವರ್ಗವನ್ನು ಜ್ಯಾಬ್‌ನಿಂದಲೇ ಆಳಿದ ಕ್ಲಿಚ್ಕೊ, ಪಂಚ್ ಎಣಿಸುವವರ ಲೆಕ್ಕದಲ್ಲಿ, 12 ಸುತ್ತಿನಲ್ಲಿ ತಾಗಿಸಿದ್ದು 52 ಏಟು ಮಾತ್ರ.

ಮೊದಲು ನೆಲದ ಮೇಲೆ ನಿಲುವು

ಸೀಮೆಸುಣ್ಣದಲ್ಲಿ ನೆಲದ ಮೇಲೊಂದು ದೊಡ್ಡ ಕೂಡು ಗುರುತು ಎಳೆಯಿರಿ. ಉದ್ದಗೆರೆ ಎದುರಾಳಿಯ ಕಡೆಗಿರಲಿ. ಬಲಗಾಲು ಅಡ್ಡಗೆರೆಯ ಮುಂದೆ, ಉದ್ದಗೆರೆಯ ಬಲಕ್ಕೆ. ಎಡಗಾಲು ಅಡ್ಡಗೆರೆಯ ಹಿಂದೆ, ಉದ್ದಗೆರೆಯ ಎಡಕ್ಕೆ. ಎರಡರ ನಡುವಿನ ಅಗಲ ಭುಜದಷ್ಟು. ಬಲಗಾಲಿನ ಬೆರಳು ಸ್ವಲ್ಪ ಒಳಮುಖವಾಗಿ, ಎಡ ಹಿಮ್ಮಡಿ ನೆಲದಿಂದ ಎರಡು ಬೆರಳು ಮೇಲೆ. ಭಾರ ಎರಡೂ ಕಾಲಿಗೆ ಸಮ. ಭಾರಿ ಆಳುಗಳು ಹೊಸ ನಿಲುವಿಗೆ ಬಂದ ಕೂಡಲೇ ಎರಡು ಪಾದವನ್ನೂ ಒಂದೇ ಗೆರೆಯ ಮೇಲೆ ತರುತ್ತಾರೆ. ಆಗ ನೂರು ಕೆಜಿಯ ದೇಹ ಪಕ್ಕದಿಂದ ಭುಜ ತಾಗಿದರೂ ಓಲಾಡುತ್ತದೆ. ಇದಕ್ಕೆ ಪರೀಕ್ಷೆ ಸುಲಭ: ಜೊತೆಗಾರ ನಿಮ್ಮ ಬಲಭುಜವನ್ನು ಅಂಗೈಯಿಂದ ತಳ್ಳಲಿ. ಕಾಲೆತ್ತಿ ಇಡಬೇಕಾಗಿ ಬಂದರೆ ಅಗಲ ಸಾಲದು.

ಎಡ ಗ್ಲೌಸ್ ಕೆನ್ನೆಗೆ ಅಂಟಿರಲಿ. ಬಲ ಗ್ಲೌಸ್ ಕಣ್ಣಿನ ಮಟ್ಟದಲ್ಲಿ, ಒಂದು ಗೇಣು ಮುಂದೆ. ಬಲ ಮೊಣಕೈ ಪಕ್ಕೆಗೆ ಒತ್ತಿರಲೇಬೇಕು, ಏಕೆಂದರೆ ಲಿವರ್ ಇರುವುದು ಬಲ ಪಕ್ಕೆಯ ಕೆಳಗೆ. ಆರ್ಥಡಾಕ್ಸ್‌ನಲ್ಲಿ ಅದು ಹಿಂದೆ ಅಡಗಿರುತ್ತದೆ. ಸೌತ್‌ಪಾದಲ್ಲಿ ಅದೇ ಪಕ್ಕೆ ಎದುರಾಳಿಯ ಎಡ ಹುಕ್‌ಗೆ (ಮೊಣಕೈ ಮಡಚಿ ಪಕ್ಕದಿಂದ ಬೀಸುವ ಏಟು) ಎದುರಾಗಿ ಬಂದು ನಿಲ್ಲುತ್ತದೆ. ತಲೆಗೆ ಬಿದ್ದ ಏಟನ್ನು ಹಲ್ಲುಕಚ್ಚಿ ತಡೆಯಬಹುದು, ಲಿವರ್‌ಗೆ ಬಿದ್ದದ್ದನ್ನು ತಡೆಯಲಾಗದು. ಒಂದೆರಡು ಕ್ಷಣದ ನಂತರ ಮಂಡಿ ತಾನಾಗಿ ಕುಸಿಯುತ್ತದೆ.

ತಿರುಗುವ ಕ್ಷಣ

ನಿಲುವು ಬದಲಿಸುವಾಗ ಎರಡೂ ಪಾದ ಅಕ್ಕಪಕ್ಕ ಸಮವಾಗಿ ಬರುವ ಒಂದು ಗಳಿಗೆ ಇದೆ. ಎರಡು ದೋಣಿಯಲ್ಲಿ ಕಾಲಿಟ್ಟ ಸ್ಥಿತಿ ಅದು. ಆಗ ಬರಿಯ ಜ್ಯಾಬ್ ಕೂಡ ಕೆಡವುತ್ತದೆ. ಆದ್ದರಿಂದ ಬದಲಾವಣೆಯನ್ನು ಯಾವುದಾದರೂ ಮರೆಯಲ್ಲಿ ಮಾಡಬೇಕು: ಏಟಿನ ಮರೆಯಲ್ಲಿ, ದೂರದ ಮರೆಯಲ್ಲಿ ಅಥವಾ ಕ್ಲಿಂಚ್‌ನ (ತೋಳು ಸುತ್ತಿ ಒಬ್ಬರನ್ನೊಬ್ಬರು ಹಿಡಿಯುವುದು) ಮರೆಯಲ್ಲಿ.

ಏಟಿನ ಮರೆಯಲ್ಲಿ ಮಾಡುವುದು ಹಳೆಯ ಪಟ್ಟು. 1897ರ ಮಾರ್ಚ್ 17ರಂದು ನೆವಾಡಾದ ಕಾರ್ಸನ್ ಸಿಟಿಯಲ್ಲಿ ಬಾಬ್ ಫಿಟ್ಸಿಮನ್ಸ್ 14ನೇ ಸುತ್ತಿನಲ್ಲಿ ಜೇಮ್ಸ್ ಕಾರ್ಬೆಟ್ ಅವರನ್ನು ಕೆಡವಿದ್ದು ಹೀಗೆಯೇ. ಬಲಗಾಲನ್ನು ಮುಂದೆ ದಾಟಿಸಿ, ಎದೆಗೂಡಿನ ಕೆಳಗಿನ ಕುಳಿಗೆ ಎಡಗೈ ಏಟು. ಇಂದಿಗೂ ಅದಕ್ಕೆ ಅವರ ಹೆಸರೇ ಇದೆ. ಮಾಡುವ ಕ್ರಮ ಹೀಗಿದೆ. ಆರ್ಥಡಾಕ್ಸ್‌ನಲ್ಲಿ ನಿಂತು ಒಂದು ಜ್ಯಾಬ್, ಎದುರಾಳಿಯ ಗ್ಲೌಸ್ ಮೇಲೇಳಲಿ. ಆಮೇಲೆ ನೇರ ಬಲಗೈ, ಪೂರ್ತಿ ಬಲ ಬೇಡ, ಮುಕ್ಕಾಲು ಸಾಕು. ಪೂರ್ತಿ ಬಲ ಹಾಕಿದರೆ ಭಾರವೆಲ್ಲ ಎಡಗಾಲಿಗೆ ಬಿದ್ದು ಬಲಗಾಲು ಎಳೆದುಕೊಂಡು ಬರುತ್ತದೆ. ಕೈ ಹೋಗುತ್ತಿರುವಾಗಲೇ ಬಲಗಾಲು ಎಡಗಾಲನ್ನು ದಾಟಿ, ಎದುರಾಳಿಯ ಎಡಪಾದದ ಹೊರಗಡೆ ಊರಬೇಕು. ಏಟು ತಾಗುವುದೂ ಪಾದ ಊರುವುದೂ ಒಂದೇ ಕ್ಷಣ. ಬಲ ಗ್ಲೌಸನ್ನು ಕೂಡಲೇ ಹಿಂದಕ್ಕೆ ಎಳೆಯಬೇಡಿ. ಅವನ ಕಣ್ಣೆದುರು ಬಿಟ್ಟಿರಿ, ನಿಮ್ಮ ಪಾದ ಎಲ್ಲಿಗೆ ಹೋಯಿತೆಂದು ಅವನಿಗೆ ಕಾಣಬಾರದು. ಈಗ ಎಡ ಸೊಂಟ ಹಿಂದೆ ಸುತ್ತಿಕೊಂಡಿರುತ್ತದೆ. ಎಡಗೈ ನೇರವಾಗಿ ಹೊಟ್ಟೆಗೆ. ಅದು ಹೋದ ಮೇಲೆ ಎಡಗಾಲನ್ನು ಬಲಕ್ಕೆ ಎಳೆದು ಭುಜದಗಲ ಸರಿಪಡಿಸಿಕೊಳ್ಳಿ.

ಎದುರಾಳಿ ಹಿಂದೆ ಸರಿಯುತ್ತಿರುವಾಗ ಮಾತ್ರ ಇದು ಕೂರುತ್ತದೆ. ಅವನು ನಿಂತಲ್ಲೇ ನಿಂತರೆ ನೀವು ನೇರವಾಗಿ ಅವನ ಎದೆಗೆ ಹೋಗಿ ಬೀಳುತ್ತೀರಿ. ಹಾಗಾದರೆ ಗುದ್ದಲು ಹೋಗದೆ ತೋಳು ಸುತ್ತಿ ಕ್ಲಿಂಚ್ ಹಿಡಿಯಿರಿ. ಇನ್ನೊಂದು ತಪ್ಪು, ಪಾದ ಮೊದಲು ಹೋಗಿ ಕೈ ಆಮೇಲೆ ಹೋಗುವುದು. ವಿಡಿಯೊ ತೆಗೆದು ನಿಧಾನಗತಿಯಲ್ಲಿ ನೋಡಿದರಷ್ಟೇ ಇದು ತಿಳಿಯುತ್ತದೆ. ಮಾಡುವವರಿಗೆ ಎರಡೂ ಒಟ್ಟಿಗೇ ಆದಂತೆ ಅನಿಸುತ್ತಿರುತ್ತದೆ.

ಹಿಂದೆ ಸರಿದು ತಿರುಗುವುದು ಇದಕ್ಕಿಂತ ಸುಲಭ. ಎದುರಾಳಿ ಬಲಗೈ ಬೀಸಿ ಮುನ್ನುಗ್ಗಿದಾಗ ಬಲಗಾಲನ್ನು ಹಾಗೇ ಇಟ್ಟು, ಮುಂದಿದ್ದ ಎಡಗಾಲನ್ನು ಅದರ ಹಿಂದಕ್ಕೆ ಒಯ್ಯಿರಿ. ತಲೆ ಏಟಿನ ಅಳತೆಯಿಂದ ಹೊರಗೆ ಹೋಗುತ್ತದೆ, ಬಲಗೈ ತಾನಾಗಿ ಮುಂದಿನ ಕೈಯಾಗುತ್ತದೆ. ಅವನು ತನ್ನ ಭಾರದಲ್ಲೇ ಬರುತ್ತಿರುವುದರಿಂದ ಒಂದು ಮೋಟು ಬಲ ಹುಕ್ ಸಾಕು. ಬೆನ್ನ ಹಿಂದೆ ಎರಡು ಹೆಜ್ಜೆ ಜಾಗವಿಲ್ಲದಿದ್ದರೆ ಇದನ್ನು ಮಾಡಬೇಡಿ, ಹಗ್ಗಕ್ಕೆ ಬೆನ್ನು ತಾಗಿದರೆ ಕೆಲಸ ಕೆಟ್ಟಿತು.

ಎಲ್ಲಕ್ಕಿಂತ ಅಪಾಯ ಕಡಿಮೆ ಇರುವುದು ಕ್ಲಿಂಚ್ ಬಿಡಿಸುವಾಗ. ರೆಫರಿ ‘ಬ್ರೇಕ್’ ಎಂದಾಗ ಇಬ್ಬರೂ ಹೊಡೆಯದೆ ಹಿಂದೆ ಸರಿಯಬೇಕು. ನೀವು ಎಡಗಾಲಿನಿಂದ ಹಿಂದೆ ಸರಿಯಿರಿ, ಅಷ್ಟೇ. ಮತ್ತೆ ಎದುರಾಗುವ ಹೊತ್ತಿಗೆ ಅವನ ಮುಂದೆ ಬೇರೆಯೇ ಬಾಕ್ಸರ್ ನಿಂತಿರುತ್ತಾನೆ. ಕುಪ್ಪಳಿಸಿ ಎರಡೂ ಕಾಲನ್ನು ಒಟ್ಟಿಗೆ ಅದಲು ಬದಲು ಮಾಡುವುದು ಕಡಿಮೆ ತೂಕದವರ ಆಟ. ಹೆವಿವೇಟ್‌ನವರು ಗಾಳಿಯಲ್ಲಿರುವಾಗ ಏಟು ಬಿದ್ದರೆ ನೆಲ ಸಿಗುವುದು ಬೆನ್ನಿಗೆ.

ತಿರುಗಿದ ಮೇಲೆ

ಮೊದಲ ಕೆಲಸ ಪಾದದ್ದು. ನಿಮ್ಮ ಬಲಪಾದ ಸದಾ ಅವನ ಎಡಪಾದದ ಹೊರಗಿರಲಿ. ಅಲ್ಲಿಂದ ನಿಮ್ಮ ಎಡಗೈಗೆ ನೇರ ದಾರಿ ಸಿಗುತ್ತದೆ, ಅವನ ಬಲಗೈ ಮಾತ್ರ ಸುತ್ತಿ ಬರಬೇಕಾಗುತ್ತದೆ. ಒಳಗೆ ಸಿಕ್ಕಿಕೊಂಡರೆ ಲೆಕ್ಕ ತಲೆಕೆಳಗು. ಪಾದ ತುಳಿದಾಟ, ತಲೆ ಡಿಕ್ಕಿ ಇಬ್ಬರ ಮುಂದಿನ ಕಾಲೂ ಒಂದೇ ಕಡೆ ಇರುವುದರಿಂದ ಆಗುವಂಥವು. ತಲೆಯನ್ನು ಬಲ ಮಂಡಿಯ ಮೇಲಿಂದ ಮುಂದೆ ಚಾಚಬೇಡಿ.

ಎರಡನೆಯದು ಮುಂದಿನ ಕೈಗಳ ಕಾಳಗ. ನಿಮ್ಮ ಬಲ ಗ್ಲೌಸನ್ನು ಅವನ ಎಡ ಗ್ಲೌಸಿನ ಮೇಲೆ ಹಗುರಾಗಿ ಇಡಿ, ತಟ್ಟಿ, ಕೆಳಗೊತ್ತಿ, ಬಿಡಿ. ಹಿಡಿದುಕೊಂಡರೆ ಫೌಲ್, ತಟ್ಟಿದರೆ ಅಲ್ಲ. ಅವನು ಜ್ಯಾಬ್ ಬಿಡುವ ಮುನ್ನ ಆ ಕೈ ಅಲುಗಿದ್ದು ನಿಮ್ಮ ಕೈಗೇ ತಿಳಿಯುತ್ತದೆ. ಆಮೇಲೆ ಜೋಡಿ ಜ್ಯಾಬ್: ಮೊದಲನೆಯದು ಗ್ಲೌಸಿಗೆ, ಎರಡನೆಯದು ಹಣೆಗೆ. 2014ರ ನವೆಂಬರ್ 29ರಂದು ಲಂಡನ್‌ನಲ್ಲಿ ಫ್ಯೂರಿ ಹೆಚ್ಚು ಪಾಲು ಸೌತ್‌ಪಾದಲ್ಲೇ ನಿಂತು ಡೆರೆಕ್ ಚಿಸೋರಾ ಅವರನ್ನು ದೂರವಿಟ್ಟದ್ದು ಬಲಗೈ ಜ್ಯಾಬ್‌ನಿಂದ. 10 ಸುತ್ತು ಮುಗಿದ ಮೇಲೆ ಚಿಸೋರಾ ಅವರ ಕಾರ್ನರ್ (ರಿಂಗ್ ಮೂಲೆಯಲ್ಲಿರುವ ಕೋಚ್ ತಂಡ) ಪಂದ್ಯ ನಿಲ್ಲಿಸಿತು. ಎಡಗೈಯನ್ನು ಮೊದಮೊದಲು ಹೊಟ್ಟೆಗಷ್ಟೇ ಬಳಸಿ. ಹೊಟ್ಟೆಗೆ ಗುರಿ ತಪ್ಪುವುದು ಕಡಿಮೆ, ಮೂರ್ನಾಲ್ಕು ಬಿದ್ದ ಮೇಲೆ ಅವನ ಮೊಣಕೈ ಇಳಿದು ಮುಖ ತೆರೆದುಕೊಳ್ಳುತ್ತದೆ.

ಪೆಟ್ಟು ಬರುವ ದಾರಿ

ಹೊರಪಾದದ ಜಾಗ ತಪ್ಪಿತೋ, ನಿಮ್ಮ ಎಡಗೈಗೆ ತೆರೆದ ದಾರಿಯೇ ಅವನ ಬಲಗೈಗೂ ತೆರೆಯುತ್ತದೆ. ಮೈಕೆಲ್ ಮೂರರ್ 1994ರ ಏಪ್ರಿಲ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್ ಅವರನ್ನು ಸೋಲಿಸಿ ಮೊದಲ ಸೌತ್‌ಪಾ ಹೆವಿವೇಟ್ ವಿಶ್ವ ಚಾಂಪಿಯನ್ ಆದವರು. ಅದೇ ವರ್ಷದ ನವೆಂಬರ್ 5ರಂದು ಅವರು ಅಂಕಗಳಲ್ಲಿ ಮುಂದಿದ್ದರು. 10ನೇ ಸುತ್ತಿನಲ್ಲಿ 45 ವರ್ಷದ ಜಾರ್ಜ್ ಫೋರ್‌ಮನ್ ಎದುರು ನೇರ ನಿಂತರು. ಎಡ ಜ್ಯಾಬ್, ಹಿಂದೆಯೇ ಗ್ಲೌಸಿನ ನಡುವೆ ನೇರ ಬಲಗೈ. ಪಟ್ಟ ಹೋಯಿತು. ಹುಟ್ಟಾ ಸೌತ್‌ಪಾಗೇ ಹೀಗಾದರೆ, ಎರವಲು ತಂದವರ ಪಾಡೇನು? ಎರಡು ಏಟು ಹಾಕಿದ ಕೂಡಲೇ ಬಲಕ್ಕೆ ಹೆಜ್ಜೆಯಿಡಿ, ಅವನ ಬಲಗೈಯಿಂದ ದೂರಕ್ಕೆ. ಬಲಕ್ಕೆ ಹೋಗುವಾಗ ಅವನ ಎಡ ಹುಕ್ ಕಾಯುತ್ತಿರುತ್ತದೆ, ಹಾಗಾಗಿ ಬಲಭುಜ ಗದ್ದಕ್ಕೆ ಏರಿರಲಿ, ಜ್ಯಾಬ್ ಹೋದ ದಾರಿಯಲ್ಲೇ ಗ್ಲೌಸ್ ಕೆನ್ನೆಗೆ ಮರಳಲಿ.

ಸೌತ್‌ಪಾದಲ್ಲಿ ಇರುವ ಹೊತ್ತು 10ರಿಂದ 20 ಸೆಕೆಂಡ್. ಮೂರು ನಿಮಿಷದ ಸುತ್ತಿನಲ್ಲಿ ಎರಡು ಸಲ ಸಾಕು. ಹೆಚ್ಚು ಹೊತ್ತು ಇದ್ದರೆ ಎದುರಾಳಿಯ ಕಾರ್ನರ್ ‘ಬಲಗೈ ಬಿಡು’ ಎಂದು ಕೂಗತೊಡಗುತ್ತದೆ, ಅಭ್ಯಾಸವಿಲ್ಲದ ಎಡ ಮೀನಖಂಡವೂ ಸೋಲುತ್ತದೆ.

ಎಂಟು ವಾರದ ಅಭ್ಯಾಸ

ಮೊದಲೆರಡು ವಾರ ಗುದ್ದೇ ಬೇಡ. ದಿನಕ್ಕೆ ಎರಡೆರಡು ನಿಮಿಷದ ಮೂರು ಸುತ್ತು, ಸೀಮೆಸುಣ್ಣದ ಗುರುತಿನ ಮೇಲೆ ನಾಲ್ಕೂ ದಿಕ್ಕಿಗೆ ನಡಿಗೆ. ಮೂರು, ನಾಲ್ಕನೇ ವಾರ ಬ್ಯಾಗ್: ಬಲ ಜ್ಯಾಬ್ ಮಾತ್ರ, ಸುತ್ತಿಗೆ ಐವತ್ತು. ಐದು, ಆರನೇ ವಾರ ಪ್ಯಾಡ್ ಮೇಲೆ ಮೂರು ಬಗೆಯ ತಿರುಗುವಿಕೆ, ಪ್ರತಿಯೊಂದೂ ಇಪ್ಪತ್ತು ಸಲ. ಪ್ಯಾಡ್ ಹಿಡಿದವರು ಪ್ರತಿ ಬಾರಿ ಕೊನೆಗೊಮ್ಮೆ ಬಲ ಪ್ಯಾಡ್ ಬೀಸಲಿ. ಅದು ಮುಖಕ್ಕೆ ತಾಗಿದರೆ ನೀವು ಹೆಜ್ಜೆ ಮರೆತಿರಿ ಎಂದರ್ಥ. ಕೊನೆಯ ಎರಡು ವಾರ 16 ಔನ್ಸ್ ಗ್ಲೌಸ್‌ನಲ್ಲಿ ಸ್ಪಾರಿಂಗ್, ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಸುತ್ತು ಮಾತ್ರ ಸೌತ್‌ಪಾದಲ್ಲಿ.

ಇದರಿಂದ ಜಿಮ್‌ಗೂ ಒಂದು ಉಪಕಾರವಿದೆ. ಸೌತ್‌ಪಾ ಹೆವಿವೇಟ್‌ಗಳು ಸುಲಭಕ್ಕೆ ಸಿಗುವುದಿಲ್ಲ, ಎದುರಾಗುವಾಗ ಮಾತ್ರ ದೊಡ್ಡ ವೇದಿಕೆಯಲ್ಲಿ ಎದುರಾಗುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಭಾರತದ ಸತೀಶ್ ಕುಮಾರ್ ಮುಖಕ್ಕೆ 13 ಹೊಲಿಗೆ ಹಾಕಿಸಿಕೊಂಡೇ ರಿಂಗ್‌ಗೆ ಇಳಿದು ಸೆಣಸಿದ್ದು ಉಜ್ಬೇಕಿಸ್ತಾನದ ಸೌತ್‌ಪಾ ಬಖೊದಿರ್ ಜಲೊಲೊವ್ ಎದುರು. ಅಂಥ ಪಂದ್ಯಕ್ಕೆ ತಯಾರಾಗುವ ಜೊತೆಗಾರನಿಗೆ ನಿಲುವು ಬದಲಿಸಬಲ್ಲ ನೀವು ಸ್ಪಾರಿಂಗ್‌ಗೆ ಒದಗುತ್ತೀರಿ.

ಬಳಸಬಾರದ ಸಂದರ್ಭಗಳೂ ಇವೆ. ಎದುರಾಳಿಯೇ ಸೌತ್‌ಪಾ ಆಗಿದ್ದರೆ ನೀವೂ ಬಲಗಾಲು ಮುಂದಿಡುವುದರಿಂದ ಹೊರಪಾದದ ಲಾಭ ಇರುವುದಿಲ್ಲ, ಅವನಿಗೆ ಸ್ವಂತವಾದ ನಿಲುವಿನಲ್ಲಿ ಎರವಲು ಆಟ ಆಡಿದಂತಾಗುತ್ತದೆ. ಏಟು ಬಿದ್ದು ಕಾಲು ನಡುಗುತ್ತಿದ್ದರೆ ಕ್ಲಿಂಚ್ ಹಿಡಿಯಿರಿ, ನಿಲುವನ್ನು ಮುಟ್ಟಬೇಡಿ. ಬಲಗಣ್ಣಿನ ಮೇಲೆ ಗಾಯವಾಗಿದ್ದರೂ ಬೇಡ, ಆ ಕಣ್ಣನ್ನೇ ಅವನ ಎಡಗೈಗೆ ಹತ್ತಿರ ಒಯ್ದಂತೆ. ಯಾವ ಸುತ್ತಿನಲ್ಲಿ ತಿರುಗಬೇಕೆಂಬ ತೀರ್ಮಾನ ಸುತ್ತುಗಳ ನಡುವಿನ ಒಂದು ನಿಮಿಷದಲ್ಲಿ ಕಾರ್ನರ್‌ನಲ್ಲೇ ಆಗಲಿ, ಅದಕ್ಕೆ ಒಂದೇ ಪದದ ಸಂಕೇತ ಇರಲಿ. ‘ಸೌತ್‌ಪಾ’ ಎಂದು ಕೋಚ್ ಕೂಗಿದರೆ ಎದುರಾಳಿಗೂ ಕೇಳುತ್ತದೆ.