ನಮ್ಮ ಮನೆಯ ಐಸ್ ಮೇಕರ್ ರಿಪೇರಿ ಮಾಡಿಸಿದ ಅನುಭವ

ಬೆಂಗಳೂರಿನ ನಮ್ಮ ಮನೆಯಲ್ಲಿರುವ ಎರಡು ಬಾಗಿಲ ಫ್ರಿಡ್ಜಿನಲ್ಲಿ ನೇರವಾಗಿ ನೀರಿನ ಪೈಪಿಗೆ ಜೋಡಿಸಿದ ಐಸ್ ಮೇಕರ್ ಇದೆ. ಕಳೆದ ಬೇಸಿಗೆಯಲ್ಲಿ, ರಾಮನವಮಿಗೆ ಇನ್ನೊಂದು ವಾರವಿದೆ ಎನ್ನುವಾಗ, ಅದರಿಂದ ಬೀಳುವ ಐಸ್ ತುಂಡುಗಳು ದಿನದಿನಕ್ಕೆ ಚಿಕ್ಕದಾಗತೊಡಗಿದವು. ಒಂದನ್ನು ಕೈಗೆತ್ತಿಕೊಂಡು ನೋಡಿದರೆ ಒಳಗೆಲ್ಲ ಟೊಳ್ಳು, ಹೊರಗೆ ಬೆರಳಿನಿಂದ ಒತ್ತಿದರೆ ಒಡೆಯುವಷ್ಟು ತೆಳುವಾದ ಚಿಪ್ಪು. ನಾಲ್ಕೈದು ದಿನಗಳಲ್ಲಿ ಐಸ್ ಬೀಳುವುದೇ ನಿಂತುಹೋಯಿತು. ಪಾನಕಕ್ಕೆ ಐಸ್ ಹಾಕುವುದನ್ನು ಎಂದೂ ಒಪ್ಪದ ನನ್ನ ತಾಯಿಗೆ ಇದರಿಂದ ಬೇಸರವೇನೂ ಆಗಲಿಲ್ಲ.

ಮೊದಲು ಬಂದ ಮೆಕ್ಯಾನಿಕ್ ಫ್ರೀಜರಿನ ಬಾಗಿಲು ತೆರೆದು, ಟಾರ್ಚ್ ಬಿಟ್ಟು ನೋಡಿ, ಹತ್ತು ನಿಮಿಷದೊಳಗೆ ಇಡೀ ಐಸ್ ಮೇಕರನ್ನೇ ಬದಲಾಯಿಸಬೇಕು, 9,500 ರೂಪಾಯಿ ಆಗುತ್ತದೆ ಎಂದರು. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, "ಇದಕ್ಕೆ ರಿಪೇರಿ ಅಂತ ಇಲ್ಲ ಸರ್, ಹೊಸದು ಹಾಕಿದ್ರೆ ಸರಿಹೋಗುತ್ತೆ" ಎಂಬ ಉತ್ತರ ಬಂತು. ಫ್ರಿಡ್ಜನ್ನು ಗೋಡೆಯಿಂದ ಒಂದು ಗೇಣು ಕೂಡ ಎಳೆಯದೆ, ನೀರು ಬರುತ್ತಿದೆಯೇ ಎಂದು ಸಹ ನೋಡದೆ ಹೇಳಿದ ಮಾತನ್ನು ನಂಬಲು ನನಗೆ ಮನಸ್ಸಾಗಲಿಲ್ಲ. ಭೇಟಿಯ ಶುಲ್ಕ ಕೊಟ್ಟು ಕಳುಹಿಸಿದೆ.

ಎರಡನೆಯವರನ್ನು ಕರೆಯುವ ಮುನ್ನ ನನ್ನ ಕೈಲಾಗುವಷ್ಟನ್ನು ನಾನೇ ನೋಡಿಟ್ಟುಕೊಂಡೆ. ಐಸ್ ಮೇಕರಿನ ತಂತಿಯ ಹಿಡಿ ಕೆಳಗೇ ಇತ್ತು. ಅದು ಮೇಲಿದ್ದರೆ ಯಂತ್ರ ತಾನಾಗಿ ನಿಲ್ಲುತ್ತದೆ. ಫ್ರೀಜರಿನಲ್ಲಿ ರಾತ್ರಿಯಿಡೀ ಥರ್ಮಾಮೀಟರ್ ಇಟ್ಟು ನೋಡಿದಾಗ -18 ಡಿಗ್ರಿ ತೋರಿಸಿತು. ಅಚ್ಚು ಸಾಕಷ್ಟು ತಣ್ಣಗಾಗದಿದ್ದರೆ ಐಸ್ ಹೊರಗೆ ಬೀಳುವುದಿಲ್ಲವಾದ್ದರಿಂದ ಈ ಅಂಕಿ ಮುಖ್ಯ. ಫೋನಿನಲ್ಲಿ ಇದನ್ನೂ, ತುಂಡುಗಳು ಮೊದಲು ಟೊಳ್ಳಾಗಿ ಆಮೇಲೆ ನಿಂತವು ಎಂಬುದನ್ನೂ ತಿಳಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಈಚೆಗೆ ಪ್ಲಂಬಿಂಗ್ ಕೆಲಸ ಏನಾದ್ರೂ ಮಾಡಿಸಿದ್ರಾ ಸರ್?" ಮೂರು ತಿಂಗಳ ಹಿಂದೆ ಅಡುಗೆಮನೆಯ ಪೈಪುಗಳನ್ನೆಲ್ಲ ಹೊಸದಾಗಿ ಹಾಕಿಸಿದ್ದೆವು.

ಅವರು ಬಂದವರೇ ಪ್ಲಗ್ ತೆಗೆದು, ನೀರಿನ ಕೊಳವೆಯ ತಿರುಪು ಮುಚ್ಚಿ, ಫ್ರಿಡ್ಜನ್ನು ಮುಂದಕ್ಕೆಳೆದರು. ಐಸ್ ಮೇಕರಿಗೆ ನೀರು ಬೀಳುವ ನಳಿಕೆಯೊಳಗೆ ಮೇಣದಬತ್ತಿಯಂತೆ ಉದ್ದಕ್ಕೆ ಮಂಜುಗಡ್ಡೆ ಕಟ್ಟಿತ್ತು. ಹಿಂದಿನ ದಿನ ಸ್ಕ್ರೂಡ್ರೈವರಿನಿಂದ ಅದನ್ನು ಕೆದಕಲು ಹೊರಟಿದ್ದ ನಾನು, ಆ ನಳಿಕೆ ಬರೀ ಪ್ಲಾಸ್ಟಿಕ್ಕಿನದು ಎಂದು ತಿಳಿದು ಸುಮ್ಮನಾದೆ. ಬಳಿಕ ಹಿಂಭಾಗದ ಪೈಪು ಬಿಚ್ಚಿ, ಅಳತೆಯ ಜಗ್ಗಿಗೆ ನೀರು ಹಿಡಿದರು. ಅರ್ಧ ಲೀಟರ್ ತುಂಬಲು ಒಂದು ನಿಮಿಷಕ್ಕೂ ಹೆಚ್ಚು ಬೇಕಾಯಿತು. ಹೊಸ ಪೈಪು ಹಾಕುವಾಗ ಪ್ಲಂಬರ್ ಅಡುಗೆಮನೆಯ ಲೈನನ್ನು ಪ್ರೆಶರ್ ಪಂಪಿನಿಂದ ಬೇರ್ಪಡಿಸಿ ನೇರವಾಗಿ ಓವರ್‌ಹೆಡ್ ಟ್ಯಾಂಕಿಗೆ ಸೇರಿಸಿದ್ದ. ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಲೆಕ್ಕ ಸರಳವಾಗಿದೆ. ಹತ್ತು ಮೀಟರ್ ಎತ್ತರದ ನೀರು ಸುಮಾರು 14 ಪಿಎಸ್‌ಐ ಒತ್ತಡ ಕೊಡುತ್ತದೆ. ನಮ್ಮ ಟ್ಯಾಂಕು ಫ್ರಿಡ್ಜಿಗಿಂತ ನಾಲ್ಕು ಮೀಟರಿನಷ್ಟೇ ಮೇಲಿದ್ದುದರಿಂದ 6 ಪಿಎಸ್‌ಐ ಕೂಡ ಸಿಗುತ್ತಿರಲಿಲ್ಲ. ಫ್ರಿಡ್ಜಿನ ಕೈಪಿಡಿ ಕೇಳುವುದು ಕನಿಷ್ಠ 20. ಕಡಿಮೆ ನೀರು ಬಿದ್ದು ತುಂಡು ಟೊಳ್ಳಾದದ್ದು ಇದರಿಂದಲೇ. ಅದಕ್ಕಿಂತ ನನಗೆ ಹೊಸದಾಗಿ ಕಂಡ ವಿಷಯವೆಂದರೆ, ಐಸ್ ಮೇಕರಿಗೆ ನೀರು ಬಿಡುವ, ವಿದ್ಯುತ್ತಿನಿಂದ ತೆರೆಯುವ ವಾಲ್ವು ವಿದ್ಯುತ್ ನಿಂತ ಮೇಲೆ ಬಿಗಿಯಾಗಿ ಮುಚ್ಚಿಕೊಳ್ಳಲೂ ನೀರಿನ ಒತ್ತಡವೇ ಬೇಕು. ಒತ್ತಡ ಸಾಲದಿದ್ದರೆ ಅದು ತೊಟ್ಟಿಕ್ಕುತ್ತಲೇ ಇರುತ್ತದೆ, ಆ ಹನಿಗಳು ನಳಿಕೆಯಲ್ಲಿ ಹೆಪ್ಪುಗಟ್ಟುತ್ತವೆ. ಸಾಲದ್ದಕ್ಕೆ ಬೋರ್‌ವೆಲ್ಲಿನ ಗಡಸು ನೀರು. ವಾಲ್ವಿನ ಜಾಲರಿಯನ್ನು ಬಿಚ್ಚಿ ತೋರಿಸಿದಾಗ, ಗೀಸರಿನೊಳಗೆ ಕಟ್ಟುವಂಥದೇ ಬಿಳಿ ಪೊರೆ ಉಗುರಿಗೆ ಪುಡಿಪುಡಿಯಾಗಿ ಉದುರಿತು.

ಬೆಚ್ಚಗಿನ ನೀರು ಬಿಟ್ಟು ನಳಿಕೆಯ ಗಡ್ಡೆ ಕರಗಿಸಿ, ಹೊಸ ವಾಲ್ವು ಕೂರಿಸಿ, ಕೂಲಿಯೂ ಸೇರಿ 2,300 ರೂಪಾಯಿ ತೆಗೆದುಕೊಂಡರು. ಹಳೆಯ ವಾಲ್ವನ್ನು ನಾನು ಕೇಳಿ ಇಟ್ಟುಕೊಂಡೆ, ರಸೀದಿಯಲ್ಲಿ ಬಿಡಿಭಾಗದ ಸಂಖ್ಯೆಯನ್ನೂ ಬರೆಸಿಕೊಂಡೆ. ಲೈನನ್ನು ಮತ್ತೆ ಪ್ರೆಶರ್ ಪಂಪಿಗೆ ಸೇರಿಸುವವರೆಗೆ ಯಂತ್ರ ಚಾಲು ಮಾಡಬೇಡಿ ಎಂದಿದ್ದರು. ಮರುದಿನ ಪ್ಲಂಬರನ್ನು ಕರೆಸಿ ಆ ಕೆಲಸ ಮುಗಿಸಿದೆ. ಮೊದಲೆರಡು ಸಲದ ಐಸನ್ನು ಚೆಲ್ಲಿದೆವು. ರಾಮನವಮಿಯ ಹೊತ್ತಿಗೆ ಡಬ್ಬಿ ತುಂಬಿತ್ತು.

ಈಗಿರುವ ತೊಂದರೆ ಒಂದೇ. ಐಸ್ ಮೇಕರ್ ನೀರು ಎಳೆದಾಗಲೆಲ್ಲ ಮಹಡಿಯ ಮೇಲಿನ ಪಂಪು ಗುರ್ ಎಂದು ಓಡಿ ನಿಲ್ಲುತ್ತದೆ. ನಡುರಾತ್ರಿಯಲ್ಲಿ ಆ ಸದ್ದಿಗೆ ತಾಯಿಗೆ ಎಚ್ಚರವಾಗುವುದರಿಂದ, ಮಲಗುವ ಮುನ್ನ ತಂತಿಯ ಹಿಡಿಯನ್ನು ಮೇಲೆತ್ತಿಡುತ್ತೇನೆ.